ಬೆಂಗಳೂರು–ಮೈಸೂರು ಎಲೆಕ್ಟ್ರಿಕ್ ಕಾರಿನಲ್ಲಿ: ಚಾರ್ಜಿಂಗ್ ಲೆಕ್ಕ ಹೇಗೆ, ಪ್ಲಗ್ ಯಾರ ಕೈಯಲ್ಲಿ?

ಎಲೆಕ್ಟ್ರಿಕ್ ಕಾರಲ್ಲಿ ಬೆಂಗಳೂರಿಂದ ಮೈಸೂರಿಗೆ ಹೋಗಿ ಬರಬೇಕು ಅಂದಕೂಡಲೇ ಎಲ್ಲರೂ ಕೇಳೋದು ಒಂದೇ: ದಾರೀಲಿ ಚಾರ್ಜರ್ ಎಷ್ಟಿವೆ? ಅದು ನ್ಯಾಯವಾದ ಪ್ರಶ್ನೆಯೇ, ಆದರೆ ಎರಡನೇ ಸ್ಥಾನಕ್ಕೆ ಸೇರಬೇಕಾದದ್ದು. ಹೊರಡುವ ಹಿಂದಿನ ರಾತ್ರಿ ಕಾರು ಎಲ್ಲಿ ನಿಂತಿರುತ್ತದೆ, ಮೈಸೂರಲ್ಲಿ ರಾತ್ರಿ ಎಲ್ಲಿ ನಿಲ್ಲುತ್ತದೆ, ಆ ಎರಡು ಜಾಗಗಳಲ್ಲಿ 15 ಆಂಪ್‌ನ ಪ್ಲಗ್ ಇದೆಯಾ, ಇದ್ದರೆ ಅದನ್ನು ಬಳಸೋಕೆ ಬಿಡ್ತಾರಾ ಅನ್ನೋದು ಮೊದಲು ಗೊತ್ತಾಗಬೇಕು. ಇದಕ್ಕೆ ಉತ್ತರ ಸಿಕ್ಕರೆ ದಾರಿಯ ಚಾರ್ಜರ್‌ಗಳು ಬರೀ ಧೈರ್ಯಕ್ಕೆ ಇರುತ್ತವೆ. ಸಿಗದಿದ್ದರೆ ಇಡೀ ಪ್ರಯಾಣ ಅವುಗಳ ಮೇಲೆ ನಿಂತುಬಿಡುತ್ತದೆ, ಖರ್ಚೂ ಮೂರು ಪಟ್ಟಾಗುತ್ತದೆ.

ದೂರ ಹೆಚ್ಚೇನಿಲ್ಲ. ಹೊಸ ಹೆದ್ದಾರಿ 118 ಕಿ.ಮೀ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರ ಕಡೆ ಮನೆಯಿದ್ದರೆ ಮನೆ ಬಾಗಿಲಿಂದ ಮೈಸೂರಿನ ಊರೊಳಗೆ ಸುಮಾರು 145 ಕಿ.ಮೀ. ವೈಟ್‌ಫೀಲ್ಡ್‌ನವರಿಗೆ ಇನ್ನೊಂದು 20–25 ಕಿ.ಮೀ. ಜಾಸ್ತಿ, ಅದರ ಜೊತೆಗೆ ಊರು ದಾಟೋ ಪುಣ್ಯ ಬೇರೆ. ಈಗ ಮಾರಾಟವಾಗುವ ಬಹುತೇಕ ಎಲೆಕ್ಟ್ರಿಕ್ ಕಾರುಗಳು ಒಂದು ಫುಲ್ ಚಾರ್ಜ್‌ನಲ್ಲಿ ಮೈಸೂರು ಮುಟ್ಟುತ್ತವೆ. ಮಧ್ಯೆ ಎಲ್ಲೂ ಚಾರ್ಜ್ ಮಾಡದೆ ವಾಪಸ್ಸೂ ಬರೋದು ದೊಡ್ಡ ಬ್ಯಾಟರಿಯ ದುಬಾರಿ ಕಾರುಗಳಿಗೆ ಮಾತ್ರ ಸಾಧ್ಯ. ಉಳಿದವರಿಗೆ ಬೇಕಿರೋದು ಒಂದು ಚಾರ್ಜ್. ಅದನ್ನು ಎಲ್ಲಿ, ಎಷ್ಟಕ್ಕೆ, ಯಾರ ಅನುಮತಿಯಿಂದ ಮಾಡ್ತೀರಿ ಅನ್ನೋದೇ ಪ್ಲಾನಿಂಗ್.

ಯೂನಿಟ್‌ನಲ್ಲಿ ಲೆಕ್ಕ ಹಾಕಿ

ಕಾರಿನ ಬ್ಯಾಟರಿಯನ್ನು ಕಿಲೋವ್ಯಾಟ್-ಅವರ್‌ನಲ್ಲಿ ಹೇಳುತ್ತಾರೆ. ಒಂದು ಕಿಲೋವ್ಯಾಟ್-ಅವರ್ ಅಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. 30 ಕಿಲೋವ್ಯಾಟ್-ಅವರ್ ಬ್ಯಾಟರಿ ಅಂದರೆ 30 ಯೂನಿಟ್ ಹಿಡಿಸುವ ಟ್ಯಾಂಕ್. ಟಾಟಾ ಟಿಯಾಗೋದ ಎರಡು ಬ್ಯಾಟರಿಗಳಲ್ಲಿ ದೊಡ್ಡದು 24 ಯೂನಿಟ್, ನೆಕ್ಸಾನ್‌ನ ಚಿಕ್ಕದು 30, ಎಂಜಿ ವಿಂಡ್ಸರ್‌ನ ಮೊದಲ ಮಾದರಿ 38. ಹೀಗೆ ಯೋಚಿಸಿದರೆ ಎಲ್ಲ ಲೆಕ್ಕವೂ ಅಡುಗೆಮನೆ ಲೆಕ್ಕದಷ್ಟು ಸಲೀಸು.

ಕಂಪನಿ ಹೇಳುವ ರೇಂಜ್ ಬೇರೆ, ರಸ್ತೆಯಲ್ಲಿ ಸಿಗೋದು ಬೇರೆ. ಆ ಸಂಖ್ಯೆ ಬರೋದು ಕಡಿಮೆ ವೇಗದ ಲ್ಯಾಬ್ ಪರೀಕ್ಷೆಯಿಂದ. ಹೆದ್ದಾರಿಗೆ ಅದರ ಶೇ. 70ನ್ನು ಹಿಡಿಯಿರಿ. ಬ್ರೋಷರ್‌ನಲ್ಲಿ 275 ಅಂತಿದ್ದರೆ ನಿಮ್ಮದು 190. ಅದರಲ್ಲೂ ಶೇ. 15ರಷ್ಟನ್ನು ಮುಟ್ಟದೆ ಇಡಬೇಕು. ಹೋಗಬೇಕಾದ ಚಾರ್ಜರ್ ಕೆಟ್ಟಿರಬಹುದು, ಹೆದ್ದಾರಿಯಲ್ಲಿ ಅಪಘಾತವಾಗಿ ಒಂದು ಗಂಟೆ ಎಸಿ ಹಾಕಿಕೊಂಡು ನಿಲ್ಲಬೇಕಾಗಬಹುದು. ಎಸಿಗೆ ಗಂಟೆಗೆ ಹೆಚ್ಚುಕಮ್ಮಿ ಒಂದು ಯೂನಿಟ್ ಹೋಗುತ್ತದೆ. ಟ್ರಾಫಿಕ್‌ನಲ್ಲಿ ನಿಂತರೆ ಬ್ಯಾಟರಿ ಖಾಲಿ ಆಗಿಬಿಡುತ್ತೆ ಅನ್ನೋ ಭಯಕ್ಕೆ ಇಷ್ಟೇ ಆಧಾರ. ಈ ಬಂಡಿಗಳಿಗೆ ನಿಲ್ಲೋದಕ್ಕಿಂತ ಜೋರಾಗಿ ಓಡೋದೇ ದುಬಾರಿ.

ಎಷ್ಟು ದುಬಾರಿ ಅಂದರೆ, ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಗಾಳಿಯನ್ನು ಸೀಳೋಕೆ ಬೇಕಾದ ಶಕ್ತಿ ಕಿ.ಮೀ.ಗೆ ಶೇ. 56 ಹೆಚ್ಚುತ್ತದೆ. ಟೈರಿನ ಘರ್ಷಣೆ, ಎಸಿ ಎಲ್ಲ ಸೇರಿಸಿದರೆ ಒಟ್ಟು ಬಳಕೆ ಹತ್ತಿರ ಹತ್ತಿರ ಕಾಲು ಭಾಗ ಏರುತ್ತದೆ. ನೆಕ್ಸಾನ್ ಗಾತ್ರದ ಕಾರು 80ರಲ್ಲಿ ಕಿ.ಮೀ.ಗೆ 0.13 ಯೂನಿಟ್ ತಿಂದರೆ 100ರಲ್ಲಿ 0.16 ದಾಟುತ್ತದೆ. 30 ಯೂನಿಟ್ ಕಾರು ವಿಜಯನಗರದಿಂದ 80ರಲ್ಲಿ ಹೋದರೆ ಮೈಸೂರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಚಾರ್ಜ್ ಉಳಿಸಿಕೊಂಡು ಇಳಿಯುತ್ತದೆ. 100ರಲ್ಲಿ ಹೋದರೆ ಐದನೇ ಒಂದು ಭಾಗ. ವೈಟ್‌ಫೀಲ್ಡ್‌ನಿಂದ ಹೊರಟು 100ರಲ್ಲೇ ಹೋದರೆ ಶೇ. 10ರ ಹತ್ತಿರ, ಅಂದರೆ ಮುಟ್ಟಬಾರದು ಅಂತ ಎತ್ತಿಟ್ಟಿದ್ದೂ ಖರ್ಚು.

118 ಕಿ.ಮೀ. ಹೆದ್ದಾರಿಯಲ್ಲಿ 100ರ ವೇಗ ನಿಮಗೆ ಉಳಿಸಿಕೊಡೋದು 18 ನಿಮಿಷ. ಅದರಿಂದಾಗಿ ಒಮ್ಮೆ ಚಾರ್ಜಿಂಗ್‌ಗೆ ಇಳಿಯಬೇಕಾಗಿ ಬಂದರೆ ಆ 18 ನಿಮಿಷ ಹೆದ್ದಾರಿ ಬಿಟ್ಟು ಇಳಿದು ಆ್ಯಪ್ ತೆಗೆಯೋದರಲ್ಲೇ ಮುಗಿದಿರುತ್ತದೆ.

ಹಿಂದಿನ ರಾತ್ರಿ: ಮನೆಯ ಪ್ಲಗ್

ಕಾರಿನ ಜೊತೆ ಕೊಡುವ ಪೋರ್ಟಬಲ್ ಚಾರ್ಜರ್‌ಗೆ ಗೀಸರ್‌ಗೆ ಹಾಕುವಂಥ 15 ಆಂಪ್‌ನ ಪ್ಲಗ್ ಸಾಕು. ಗಂಟೆಗೆ ಸುಮಾರು ಮೂರು ಯೂನಿಟ್ ತುಂಬುತ್ತದೆ. ರಾತ್ರಿ ಹತ್ತಕ್ಕೆ ಹಾಕಿ ಬೆಳಿಗ್ಗೆ ಏಳಕ್ಕೆ ತೆಗೆದರೆ ಒಂಬತ್ತು ಗಂಟೆ, ಬ್ಯಾಟರಿಗೆ 25 ಯೂನಿಟ್ ಆಸುಪಾಸು. ಹೊರಡುವ ದಿನ ಶೇ. 100 ತುಂಬಿಸಿಕೊಂಡು ಹೋಗೋದರಲ್ಲಿ ತಪ್ಪಿಲ್ಲ. ದಿನಾ ತುಂಬಿಸಬೇಡಿ ಅನ್ನೋ ಸಲಹೆ ಇರೋದು ದಿನಬಳಕೆಗೆ, ಅದೂ ಎಲ್ಲ ಬಗೆಯ ಬ್ಯಾಟರಿಗಳಿಗೆ ಅನ್ವಯಿಸೋದಿಲ್ಲ.

ಮನೆಯ ದರದಲ್ಲಿ, ಯೂನಿಟ್‌ಗೆ ಆರು ರೂಪಾಯಿ ಹಿಡಿದು, ಚಾರ್ಜಿಂಗ್‌ನಲ್ಲಿ ಸೋರುವ ಕರೆಂಟನ್ನೂ ಸೇರಿಸಿದರೆ ಕಿ.ಮೀ.ಗೆ ಒಂದು ರೂಪಾಯಿಯೊಳಗೆ ಆಗುತ್ತದೆ. ಸಾರ್ವಜನಿಕ ಫಾಸ್ಟ್ ಚಾರ್ಜರ್‌ಗಳಲ್ಲಿ ಶೇ. 18 ಜಿಎಸ್‌ಟಿಯೂ ಸೇರಿ ಯೂನಿಟ್‌ಗೆ ಇಪ್ಪತ್ತು ರೂಪಾಯಿಯ ಮೇಲೇ ಬೀಳೋದು ಸಾಮಾನ್ಯ. ಅಲ್ಲಿಗೆ ಕಿ.ಮೀ.ಗೆ ಮೂರು ರೂಪಾಯಿ. ಲೀಟರ್‌ಗೆ 16 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಆರು ರೂಪಾಯಿ ಚಿಲ್ಲರೆ. ಎಲೆಕ್ಟ್ರಿಕ್ ಕಾರು ಅಗ್ಗ ಅಂತ ಹೇಳೋರು ಸಾಮಾನ್ಯವಾಗಿ ಸ್ವಂತ ಮನೆ, ಸ್ವಂತ ಪಾರ್ಕಿಂಗ್ ಇರೋರು. ಅದೇ ಕಾರನ್ನು ಬಾಡಿಗೆ ಮನೆಯಲ್ಲಿದ್ದು ಬೀದಿಯಲ್ಲಿ ನಿಲ್ಲಿಸುವವರು ಅದೇ ಕಿ.ಮೀ.ಗೆ ಮೂರು ಪಟ್ಟು ಕೊಡುತ್ತಾರೆ. ಇಂಧನದ ಬೆಲೆ ನಿಮಗೆ ಆಸ್ತಿ ಇದೆಯೋ ಇಲ್ಲವೋ ಅನ್ನೋದರ ಮೇಲೆ ನಿಂತಿರೋದು ಇದೇ ಮೊದಲು. ಪೆಟ್ರೋಲ್ ಬಂಕ್ ಈ ಭೇದ ಮಾಡುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ? ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳಿಗೆ ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ತಂದ ತಿದ್ದುಪಡಿಯ ಪ್ರಕಾರ ಇವಿ ಚಾರ್ಜಿಂಗ್‌ಗೆಂದೇ ಗ್ರಾಹಕರು ಪ್ರತ್ಯೇಕ ಸಂಪರ್ಕ ಕೇಳಬಹುದು, ಎಸ್ಕಾಂ ಕೊಡಬೇಕು. ಅದಕ್ಕೂ ಹಿಂದಿನ 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಅದರಲ್ಲಿ ವಿದ್ಯುತ್ ಸಂಪರ್ಕ ಕೇಳುವ ಹಕ್ಕಿರೋದು ‘ಮಾಲೀಕ ಅಥವಾ ವಾಸಿ’ಗೆ. ಬಾಡಿಗೆದಾರರೂ ವಾಸಿಗಳೇ. ಆದರೆ ಮೀಟರ್ ಕೂರಿಸುವ ಗೋಡೆ, ವೈರ್ ಎಳೆಯುವ ಬೇಸ್‌ಮೆಂಟ್ ನಿಮ್ಮದಲ್ಲ. ಅಲ್ಲಿ ಮಾಲೀಕರ ಒಪ್ಪಿಗೆ ಬೇಕು, ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ನ ಒಪ್ಪಿಗೆಯೂ ಬೇಕು. ಬೆಂಕಿ ಹತ್ತಿದರೆ ಯಾರು ಹೊಣೆ, ಟ್ರಾನ್ಸ್‌ಫಾರ್ಮರ್ ತಡೆಯುತ್ತಾ, ಇವತ್ತು ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ ಅನ್ನೋ ಮೂರು ಮಾತು ಎಲ್ಲ ಸಭೆಯಲ್ಲೂ ಬರುತ್ತವೆ. ಎರಡನೆಯದು ಎಂಜಿನಿಯರಿಂಗ್ ಪ್ರಶ್ನೆ, ಬೆಸ್ಕಾಂ ಬಂದು ಲೋಡ್ ನೋಡಿ ಉತ್ತರ ಕೊಡಬಹುದು. ಮೂರನೆಯದಕ್ಕೆ ಒಳ್ಳೆಯ ಉತ್ತರ ‘ಹೌದು, ಕೇಳ್ತಾರೆ, ಅದಕ್ಕೇ ಈಗಲೇ ಎಲ್ಲರಿಗೂ ಸೇರಿ ವೈರಿಂಗ್ ಮಾಡೋಣ’. 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ನಿಯಮಗಳಿಗೆ ಮಾಡಿದ ತಿದ್ದುಪಡಿ ಹೊಸ ಕಟ್ಟಡಗಳಲ್ಲಿ ಶೇ. 20ರಷ್ಟು ಪಾರ್ಕಿಂಗ್ ಚಾರ್ಜಿಂಗ್‌ಗೆ ಸಿದ್ಧವಾಗಿರಬೇಕು ಅಂದಿತ್ತು. ಅದು ಮಾದರಿ ಮಾತ್ರ. ಹಳೇ ಕಟ್ಟಡಗಳ ಬಗ್ಗೆಯಂತೂ ಆ ತಿದ್ದುಪಡಿಯಲ್ಲಿ ಮಾತೇ ಇಲ್ಲ.

ಇಲ್ಲಿ ಕರ್ನಾಟಕದ್ದೇ ಆದ ಒಂದು ತೊಡಕಿದೆ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಸೊನ್ನೆ ಬಿಲ್ ಬರ್ತಿದೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 90 ಯೂನಿಟ್ ಬಳಕೆ. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರು ಅದೇ ಮೀಟರ್‌ನಿಂದ ಇನ್ನೊಂದು 150 ಯೂನಿಟ್ ಎಳೆಯುತ್ತದೆ. ಒಟ್ಟು 240. ಯೋಜನೆಯ ಮಿತಿ 200 ಯೂನಿಟ್. ಅದನ್ನು ದಾಟಿದ ತಿಂಗಳು ಹೆಚ್ಚುವರಿ 40ಕ್ಕೆ ಮಾತ್ರ ಕಟ್ಟಿದರೆ ಸಾಲದು, ಪೂರ್ತಿ 240ಕ್ಕೂ ಕಟ್ಟಬೇಕು. ಕಾರಿಗೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ ಮಾಡಿಸಿಕೊಂಡರೆ ಮನೆಯ ಲೆಕ್ಕ ಮನೆಗೆ, ಕಾರಿನ ಲೆಕ್ಕ ಕಾರಿಗೆ. ಆದರೆ ಎರಡನೇ ಮೀಟರ್‌ಗೆ ಪ್ರತಿ ತಿಂಗಳು ಕಿಲೋವ್ಯಾಟ್ ಲೆಕ್ಕದಲ್ಲಿ ನಿಗದಿತ ಶುಲ್ಕ ಇದೆ. ಕಡಿಮೆ ಓಡಿಸುವವರು ಎರಡೂ ಕೂಡಿ ಕಳೆದು ನೋಡಿ. ಎಲೆಕ್ಟ್ರಿಕ್ ಕಾರು ಇಟ್ಟುಕೊಂಡೋರಿಗೆ ಗೃಹಜ್ಯೋತಿ ಯಾಕೆ ಅಂತ ಕೇಳಬಹುದು. ಕೇಳಲಿ. ಅದೇ ಮೀಟರ್‌ಗೆ ಎಲೆಕ್ಟ್ರಿಕ್ ಆಟೋ ಹಾಕಿ ದುಡಿಯುವವರಿಗೂ ಇದೇ ನಿಯಮ.

ಮನೆಯ ವೈರಿಂಗ್ ಬಗ್ಗೆ ಎರಡು ಮಾತು. ಅರ್ಥಿಂಗ್ ಸರಿ ಇಲ್ಲದಿದ್ದರೆ ಪೋರ್ಟಬಲ್ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಕಾರು ಕೆಟ್ಟಿದೆ ಅಂತ ಸರ್ವಿಸ್ ಸೆಂಟರ್‌ಗೆ ಓಡೋ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ಚಾರ್ಜ್ ಮಾಡಲೇಬೇಡಿ. ಎಂಟು ಗಂಟೆ ಒಂದೇ ಸಮ ಗೀಸರ್‌ನಷ್ಟು ಕರೆಂಟ್ ಹರಿದರೆ ಸಡಿಲ ಪ್ಲಗ್ ಕರಗುತ್ತದೆ. ಕಾರಿಗೆಂದೇ ಬೇರೆ ಲೈನ್, ಬೇರೆ ಎಂಸಿಬಿ ಹಾಕಿಸಿದರೆ ಖರ್ಚು ಒಂದೇ ಸಲ.

ಹೆದ್ದಾರಿ ಮೇಲೆ, ಚಾರ್ಜರ್ ಕೆಳಗೆ

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ನಡುವೆ ಆರು ಪಥ, ಆಚೀಚೆ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಯಾವ ಊರೂ ಈಗ ದಾರಿಯಲ್ಲಿ ಸಿಗೋದಿಲ್ಲ. ಒಂದೋ ಬೈಪಾಸ್, ಇಲ್ಲ ಮೇಲ್ಸೇತುವೆ. ಸಮಯ ಉಳಿಯಿತು, ನಿಜ. ಆದರೆ ತಟ್ಟೆ ಇಡ್ಲಿ, ಮದ್ದೂರು ವಡೆ, ಟಾಯ್ಲೆಟ್, ಬಂಕ್ ಎಲ್ಲ ಹಳೇ ರಸ್ತೆಯಲ್ಲೇ ಉಳಿದುಕೊಂಡವು. ಚಾರ್ಜರ್‌ಗಳೂ ಹೆಚ್ಚಾಗಿ ಇರೋದು ಅಲ್ಲೇ: ಹೋಟೆಲ್‌ಗಳ ಅಂಗಳದಲ್ಲಿ, ಬಂಕ್‌ಗಳ ಮೂಲೆಯಲ್ಲಿ, ಶೋರೂಮ್‌ಗಳ ಮುಂದೆ.

ಹಾಗಾಗಿ ಮ್ಯಾಪ್‌ನಲ್ಲಿ ‘ದಾರಿಯಲ್ಲೇ ಇದೆ’ ಅಂತ ಕಾಣುವ ಚಾರ್ಜರ್ ನಿಜಕ್ಕೂ ನಿಮ್ಮ ದಾರಿಯಲ್ಲಿದೆಯಾ ಅಂತ ಹೊರಡುವ ಮೊದಲೇ ನೋಡಿ. ಮುಖ್ಯ ಪಥದಿಂದ ಎಲ್ಲೆಂದರಲ್ಲಿ ಇಳಿಯೋಕಾಗಲ್ಲ. ನಿರ್ಗಮನ ತಪ್ಪಿದರೆ ಮುಂದಿನದರವರೆಗೆ ಹೋಗಿ, ಸರ್ವಿಸ್ ರಸ್ತೆಯಲ್ಲಿ ವಾಪಸ್ ಬರಬೇಕು. ಎದುರು ಬದಿಯ ಚಾರ್ಜರ್ ಅಂತೂ ಕಣ್ಣಿಗೆ ಕಂಡರೂ ಕೈಗೆ ಸಿಗಲ್ಲ. ಕೇಂದ್ರ ಇಂಧನ ಸಚಿವಾಲಯದ 2018ರ ಮಾರ್ಗಸೂಚಿ ಹೆದ್ದಾರಿಯ ಎರಡೂ ಬದಿಯಲ್ಲಿ 25 ಕಿ.ಮೀ.ಗೊಂದು ಚಾರ್ಜಿಂಗ್ ಸ್ಟೇಷನ್ ಇರಬೇಕು ಅಂತ ಹೇಳಿದ್ದು ಇದಕ್ಕೇ. ‘ಎರಡೂ ಬದಿ’ ಅನ್ನೋದೇ ಅದರ ತಿರುಳು. ಎಣಿಸುವಾಗ ನಾವು ಅದನ್ನು ಬಿಟ್ಟು ಒಟ್ಟು ಸಂಖ್ಯೆ ಎಣಿಸುತ್ತೇವೆ. ಕರ್ನಾಟಕದ ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್‌ಗಳು 2024ರಲ್ಲೇ ಐದು ಸಾವಿರ ದಾಟಿದವು, ದೇಶದಲ್ಲೇ ಮೊದಲ ಸ್ಥಾನ ಅಂತ ಸುದ್ದಿಯಾಯಿತು. ಆದರೆ ಅದರಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು.

ಇನ್ನೊಂದು ವಿಷಯ. 2023ರ ಆಗಸ್ಟ್ 1ರಿಂದ ಈ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಸ್ಕೂಟರ್, ಆಟೋ, ಟ್ರ್ಯಾಕ್ಟರ್‌ಗಳಿಗೆ ನಿಷೇಧ ಇದೆ. ಅಪಘಾತಗಳ ಕಾರಣಕ್ಕೆ ತಂದ ನಿಯಮ, ಅದಕ್ಕೆ ಅದರದೇ ಸಮರ್ಥನೆ ಇದೆ. ಆದರೆ ಈ ದೇಶದಲ್ಲಿ ಮಾರಾಟವಾಗುವ ಎಲೆಕ್ಟ್ರಿಕ್ ವಾಹನಗಳಲ್ಲಿ ಬಹುಪಾಲು ಎರಡು ಮತ್ತು ಮೂರು ಚಕ್ರದವು. ‘ಇವಿ ಹೆದ್ದಾರಿ’ ಅಂತ ನಾವು ಮಾತಾಡುವಾಗ ನಮ್ಮ ಕಣ್ಮುಂದೆ ಇರೋದು ಆ ಬಹುಪಾಲನ್ನು ಹೊರಗಿಟ್ಟ ರಸ್ತೆ.

ಕಾರಿಗೆ ವಾಪಸ್ ಬರೋಣ. ದಾರಿಯಲ್ಲಿ ಚಾರ್ಜ್ ಮಾಡಲೇಬೇಕಾದರೆ ಮದ್ದೂರು–ಮಂಡ್ಯದ ನಡುವೆ ಮಾಡೋದು ಒಳ್ಳೆಯದು. ಆ ಹೊತ್ತಿಗೆ ಅರ್ಧದಷ್ಟು ಖಾಲಿಯಾಗಿರುತ್ತದೆ. ಖಾಲಿ ಬ್ಯಾಟರಿ ಬೇಗ ತುಂಬುತ್ತದೆ, ತುಂಬಿದ ಬ್ಯಾಟರಿ ನಿಧಾನ. ಶೇ. 80ರ ಮೇಲೆ ಕಾರೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ, ಕೊನೆಯ ಶೇ. 20ಕ್ಕೆ ಅದಕ್ಕೂ ಮುಂಚಿನ 40ರಷ್ಟೇ ಹೊತ್ತು ಹಿಡಿಯಬಹುದು. ಹಿಂದೆ ಇನ್ನೊಬ್ಬರು ಕಾಯ್ತಿದ್ದರೆ 80ಕ್ಕೆ ಬಿಟ್ಟುಕೊಡೋದು ಸೌಜನ್ಯ. ನಿಮ್ಮ ಸಮಯವೂ ಉಳಿಯುತ್ತೆ.

ಬೋರ್ಡ್ ಮೇಲೆ 60 ಕಿಲೋವ್ಯಾಟ್ ಅಂತ ಬರೆದಿದ್ದಕ್ಕೆ ಮೋಸಹೋಗಬೇಡಿ. ಒಂದೇ ಯಂತ್ರಕ್ಕೆ ಎರಡು ಗನ್ ಇದ್ದು ಪಕ್ಕದಲ್ಲಿ ಇನ್ನೊಂದು ಕಾರು ನಿಂತರೆ ಹಲವು ಯಂತ್ರಗಳಲ್ಲಿ ತಲಾ 30ಕ್ಕೆ ಇಳಿಯುತ್ತದೆ. ನಿಮ್ಮ ಕಾರೇ ಅಷ್ಟು ತೆಗೆದುಕೊಳ್ಳದೆಯೂ ಇರಬಹುದು. ಟಿಯಾಗೋದಂಥ ಕಾರಿಗೆ ಫಾಸ್ಟ್ ಚಾರ್ಜರ್‌ನಲ್ಲೂ ಶೇ. 10ರಿಂದ 80ಕ್ಕೆ ಸುಮಾರು ಒಂದು ಗಂಟೆ ಬೇಕು. ಎಂಜಿ ಕಾಮೆಟ್‌ಗೆ ಡಿಸಿ ಫಾಸ್ಟ್ ಚಾರ್ಜಿಂಗೇ ಇಲ್ಲ. ಅದರ 17.3 ಯೂನಿಟ್ ಬ್ಯಾಟರಿಯನ್ನು ಹೆದ್ದಾರಿಗೆ ತರುವವರು ಗಂಟೆಗಟ್ಟಲೆ ನಿಲ್ಲೋಕೆ ತಯಾರಾಗಿ ಬರಬೇಕು. ಗನ್‌ನ ಬಗೆಯನ್ನೂ ನೋಡಿ. ಈಗಿನ ಕಾರುಗಳಿಗೆ ಬೇಕಾದದ್ದು ಸಿಸಿಎಸ್-2. ಸರ್ಕಾರಿ ಕಚೇರಿಗಳ ಮುಂದೆ ಹಿಂದೆ ಹಾಕಿದ ಕೆಲವು ಹಳೇ ಯಂತ್ರಗಳಲ್ಲಿ ಬೇರೆ ಗನ್ ಇದೆ. ಆ್ಯಪ್‌ನಲ್ಲಿ ಹಸಿರು ಚುಕ್ಕೆ ತೋರಿಸುತ್ತೆ, ನಿಮ್ಮ ಕಾರಿಗೆ ಹೊಂದಲ್ಲ.

ಆ್ಯಪ್‌ಗಳ ಕಥೆ ಬೇರೆಯೇ. ಕಂಪನಿಗೊಂದು ಆ್ಯಪ್, ಆ್ಯಪ್‌ಗೊಂದು ವ್ಯಾಲೆಟ್, ವ್ಯಾಲೆಟ್‌ನಲ್ಲಿ ನಿಮ್ಮದೇ ನೂರಿನ್ನೂರು ರೂಪಾಯಿ ಕೂತಿರುತ್ತದೆ. ಸೊಪ್ಪಿನ ಗಾಡಿಯಲ್ಲೂ ಯುಪಿಐ ಸ್ಕ್ಯಾನ್ ಮಾಡುವ ದೇಶದಲ್ಲಿ ಚಾರ್ಜರ್ ಮುಂದೆ ನಿಂತು ಒಟಿಪಿಗೆ ಕಾಯೋದು ಹಾಸ್ಯಾಸ್ಪದ. ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈನಲ್ಲೇ ಮೂರು ಆ್ಯಪ್ ಹಾಕಿಕೊಂಡು, ನೋಂದಾಯಿಸಿ, ದುಡ್ಡು ತುಂಬಿಸಿಡಿ. ಬೆಸ್ಕಾಂನ ‘ಇವಿ ಮಿತ್ರ’ ಆ್ಯಪ್ ಕೂಡ ಇರಲಿ. ಆದರೆ ಚನ್ನಪಟ್ಟಣ ದಾಟಿ ಮಂಡ್ಯ ಜಿಲ್ಲೆಗೆ ಕಾಲಿಟ್ಟರೆ ನೀವು ಬೆಸ್ಕಾಂ ಬಿಟ್ಟು ಮೈಸೂರಿನ ಚೆಸ್ಕಾಂ ವ್ಯಾಪ್ತಿಗೆ ಬಂದಿರುತ್ತೀರಿ ಅನ್ನೋದು ನೆನಪಿರಲಿ.

‘ಲಭ್ಯ’ ಅಂತ ತೋರಿಸುವ ಚಾರ್ಜರ್ ಕೆಲಸ ಮಾಡುತ್ತಿದೆ ಅಂತ ಅರ್ಥವಲ್ಲ. ಅಲ್ಲಿ ಕೊನೆಯ ಬಾರಿ ಯಾರಾದರೂ ಚಾರ್ಜ್ ಮಾಡಿದ್ದು ಯಾವಾಗ ಅಂತ ಬಳಕೆದಾರರ ಟಿಪ್ಪಣಿಗಳಲ್ಲಿ ನೋಡಿ. ನಿನ್ನೆ ಮೊನ್ನೆ ಆಗಿದ್ದರೆ ಹೋಗಿ. ತಿಂಗಳಾಗಿದ್ದರೆ ಫೋನ್ ಮಾಡಿ, ಎತ್ತದಿದ್ದರೆ ಬಿಟ್ಟುಬಿಡಿ. ಹೋಟೆಲ್‌ನ ಅಂಗಳದಲ್ಲಿದ್ದರೆ ಹೋಟೆಲ್‌ನವರಿಗೇ ಕೇಳಿ, ‘ಕರೆಂಟ್ ಇದೆಯಾ, ಜಾಗ ಖಾಲಿ ಇದೆಯಾ’ ಅಂತ. ಎಷ್ಟೋ ಸಲ ಅಲ್ಲಿ ಡೀಸೆಲ್ ಇನ್ನೋವಾ ನಿಂತಿರುತ್ತದೆ, ಡ್ರೈವರ್ ಊಟಕ್ಕೆ ಹೋಗಿರುತ್ತಾರೆ. ಒಂದು ಚಾರ್ಜರ್ ನಂಬಿ ಹೊರಡಬೇಡಿ. ಅದು ಕೈಕೊಟ್ಟರೆ ತಲುಪಬಲ್ಲಷ್ಟು ದೂರದಲ್ಲಿ, ಬೇರೆ ಕಂಪನಿಯದು ಇನ್ನೊಂದಿರಲಿ. ಒಂದೇ ಕಂಪನಿಯ ಸರ್ವರ್ ಬಿದ್ದರೆ ಅದರ ಎಲ್ಲ ಚಾರ್ಜರ್‌ಗಳೂ ಒಟ್ಟಿಗೆ ಮಲಗುತ್ತವೆ.

ಈ ಅವ್ಯವಸ್ಥೆಗೆ ದುಡ್ಡಿಲ್ಲ ಅನ್ನೋ ಹಾಗಿಲ್ಲ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ 10,900 ಕೋಟಿ ರೂಪಾಯಿಯದು, ಅದರಲ್ಲಿ 2,000 ಕೋಟಿ ಸಾರ್ವಜನಿಕ ಚಾರ್ಜರ್‌ಗಳಿಗೆ. ಅದನ್ನು ನಡೆಸೋದು ಭಾರೀ ಕೈಗಾರಿಕೆ ಸಚಿವಾಲಯ. 2024ರ ಜೂನ್‌ನಲ್ಲಿ ಆ ಖಾತೆ ಬಂದಿದ್ದು ಇದೇ ರಸ್ತೆ ಹಾದುಹೋಗುವ ಮಂಡ್ಯದ ಸಂಸದ ಎಚ್.ಡಿ. ಕುಮಾರಸ್ವಾಮಿ ಅವರಿಗೆ. ಎಲ್ಲ ಕಂಪನಿಗಳ ಚಾರ್ಜರ್‌ಗೂ ಒಂದೇ ಆ್ಯಪ್ ತರುವ ಕೆಲಸವನ್ನು 2025ರಲ್ಲಿ ಸಾರ್ವಜನಿಕ ಉದ್ದಿಮೆ ಬಿಎಚ್‌ಇಎಲ್‌ಗೆ ವಹಿಸಲು ಹೊರಟಿದ್ದೂ ಅವರ ಸಚಿವಾಲಯವೇ. ಮಂಡ್ಯದ ಯುವಕರು ತಮ್ಮ ಸಂಸದರನ್ನು ಕೇಳಬೇಕಾದ ಪ್ರಶ್ನೆ ಸುಲಭವಾಗಿದೆ: ಮದ್ದೂರಿಂದ ಶ್ರೀರಂಗಪಟ್ಟಣದವರೆಗೆ, ಹೋಗುವ ಬದಿ ಎಷ್ಟು, ಬರುವ ಬದಿ ಎಷ್ಟು, ಇವತ್ತು ಕೆಲಸ ಮಾಡ್ತಿರೋದು ಎಷ್ಟು?

ಮೈಸೂರಲ್ಲಿ ರಾತ್ರಿ

ಮೈಸೂರಲ್ಲಿ ಶೇ. 25 ಉಳಿದಿದೆ, ರಾತ್ರಿ ಅಲ್ಲೇ ಇರ್ತೀರಿ ಅಂದರೆ ಫಾಸ್ಟ್ ಚಾರ್ಜರ್ ಹುಡುಕೋದೇ ಬೇಡ. ಅತ್ತೆ ಮನೆಯೋ, ಗೆಳೆಯರ ಮನೆಯೋ, ಲಾಡ್ಜೋ, ಕಾರಿನ ಹತ್ತಿರ ಒಂದು 15 ಆಂಪ್ ಪ್ಲಗ್ ಇದ್ದರೆ ಬೆಳಿಗ್ಗೆಗೆ ಬ್ಯಾಟರಿ ತುಂಬಿರುತ್ತದೆ. ನೆಂಟರ ಮನೆಯಾದರೆ ಪೋರ್ಟಬಲ್ ಚಾರ್ಜರ್‌ನ ವೈರ್ ಕಿಟಕಿಯಿಂದ ಗೇಟಿನವರೆಗೆ ಮುಟ್ಟುತ್ತಾ ಅಂತ ಫೋನಲ್ಲೇ ಕೇಳಿಕೊಳ್ಳಿ. ಸಾಧಾರಣವಾಗಿ ಅದರ ಉದ್ದ ನಾಲ್ಕೈದು ಮೀಟರ್ ಅಷ್ಟೇ. 25 ಯೂನಿಟ್ ಅಂದರೆ ಅವರ ಬಿಲ್‌ನಲ್ಲಿ ನೂರೈವತ್ತು ರೂಪಾಯಿಯ ಬಾಬ್ತು, ಗೃಹಜ್ಯೋತಿ ಮಿತಿಯ ಅಂಚಿನಲ್ಲಿದ್ದರೆ ಅದಕ್ಕಿಂತ ಹೆಚ್ಚು. ಹಣ್ಣಿನ ಜೊತೆ ಇದನ್ನೂ ಲೆಕ್ಕ ಹಿಡಿದು ಏನಾದರೂ ತಗೊಂಡು ಹೋಗಿ.

ಲಾಡ್ಜ್‌ಗಳು ಹಿಂಜರಿಯೋದು ಎರಡು ಕಾರಣಕ್ಕೆ. ಎಷ್ಟು ಕರೆಂಟ್ ತಿನ್ನುತ್ತೋ ಗೊತ್ತಿಲ್ಲ, ಕರೆಂಟ್ ಮಾರಿದರೆ ಇಲಾಖೆಯವರು ಹಿಡಿಯುತ್ತಾರೇನೋ ಅನ್ನೋ ಅನುಮಾನ. ಎರಡಕ್ಕೂ ಉತ್ತರ ಇದೆ. ಇವಿ ಚಾರ್ಜ್ ಮಾಡಿಕೊಡೋದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ, ಅದಕ್ಕೆ ವಿದ್ಯುತ್ ಕಾಯ್ದೆಯಡಿ ಲೈಸೆನ್ಸ್ ಬೇಕಿಲ್ಲ ಅಂತ ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ರೂಮ್ ಬುಕ್ ಮಾಡುವ ಮೊದಲೇ ಮ್ಯಾನೇಜರ್ ಜೊತೆ ಮಾತಾಡಿ: ‘ಸರ್, ರಾತ್ರಿ ಪೂರ್ತಿ ಹಾಕಿದರೂ 30 ಯೂನಿಟ್ ದಾಟಲ್ಲ, ಯೂನಿಟ್‌ಗೆ ಹತ್ತು ರೂಪಾಯಿ ಹಿಡಿದುಕೊಳ್ಳಿ, ಗೀಸರ್ ಪಾಯಿಂಟ್ ಥರದ್ದು ಪಾರ್ಕಿಂಗಲ್ಲಿ ಒಂದಿದ್ದರೆ ಸಾಕು.’ ‘ಇವಿ ಚಾರ್ಜರ್ ಇದೆಯಾ’ ಅಂತ ಕೇಳಿದರೆ ಇಲ್ಲ ಅಂತಾರೆ. ‘15 ಆಂಪ್ ಪ್ಲಗ್ ಇದೆಯಾ’ ಅಂತ ಕೇಳಿದರೆ ವಾಚ್‌ಮನ್ ರೂಮಿನ ಪಕ್ಕ ಒಂದಿದೆ ಅಂತಾರೆ.

ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಈ ಸೌಕರ್ಯ ಇಲ್ಲ. ಮದುವೆಗೆ ಹೋಗಿ ಊಟ ಮಾಡಿ ಹೊರಡುವವರು ಛತ್ರದಲ್ಲಿ ನಾಲ್ಕು ಗಂಟೆ ಪ್ಲಗ್ ಸಿಕ್ಕರೂ ಹನ್ನೊಂದು ಹನ್ನೆರಡು ಯೂನಿಟ್, ಅಂದರೆ 80–90 ಕಿ.ಮೀ. ಗಳಿಸುತ್ತಾರೆ. ಅದೂ ಸಿಗದಿದ್ದರೆ ಮೈಸೂರಿನ ಊರೊಳಗೇ ಫಾಸ್ಟ್ ಚಾರ್ಜರ್‌ಗೆ ಹಾಕಿ ಹೊರಡಿ. ಹೆದ್ದಾರಿಯಲ್ಲಿ ನೋಡಿಕೊಂಡರಾಯಿತು ಅಂತ ಮುಂದೂಡಬೇಡಿ. ಊರೊಳಗೆ ಒಂದು ಕೆಟ್ಟಿದ್ದರೆ ಇನ್ನೊಂದು ಮೂರು ಕಿ.ಮೀ.ನಲ್ಲಿರುತ್ತದೆ.

ಪ್ಲಗ್ಗಿನ ಚಿಂತೆಯೇ ಬೇಡ ಅನ್ನೋರಿಗೆ ಕೆಎಸ್‌ಆರ್‌ಟಿಸಿ ಇದೆ. 2023ರ ಆರಂಭದಿಂದ ಈ ಮಾರ್ಗದಲ್ಲಿ ಅದರ ‘ಇವಿ ಪವರ್ ಪ್ಲಸ್’ ಎಲೆಕ್ಟ್ರಿಕ್ ಬಸ್‌ಗಳು ಓಡುತ್ತಿವೆ. ಚಾರ್ಜಿಂಗ್ ಲೆಕ್ಕ ನಿಗಮದ್ದು, ನಿಮ್ಮದು ನಿದ್ದೆ.

ವಾಪಸ್ ಬರುವಾಗ ಏರು

ಹೋಗುವಾಗ ಸಿಕ್ಕಷ್ಟು ರೇಂಜ್ ಬರುವಾಗ ಸಿಗೋದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಮೈಸೂರು 770ರ ಆಸುಪಾಸು, ಮದ್ದೂರು ಅದಕ್ಕೂ ಕೆಳಗೆ, 660ರ ಸುಮಾರು. ಮದ್ದೂರಿಂದ ಬೆಂಗಳೂರಿಗೆ ಬರುವಾಗ ಕಾರು ಸುಮಾರು 240 ಮೀಟರ್ ಹತ್ತುತ್ತದೆ. ಜನ ಕೂತ 1,700 ಕೆ.ಜಿ. ಕಾರನ್ನು ಅಷ್ಟು ಎತ್ತೋಕೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು, ಸುಮಾರು ಹತ್ತು ಕಿ.ಮೀ.ನ ರೇಂಜ್. ಕೇಳೋಕೆ ಸಣ್ಣದು. ಆದರೆ ಅದು ಖರ್ಚಾಗೋದು ಬ್ಯಾಟರಿ ಕೊನೆಗೆ ಬಂದಾಗ. ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸುವ ಕಿ.ಮೀ. ಹಿಂದಿನ ಓಟ ನೋಡಿ ಹೇಳುವ ಅಂದಾಜು, ಮುಂದೆ ಏರಿದೆ ಅನ್ನೋದು ಅದಕ್ಕೆ ಗೊತ್ತಿರುವುದಿಲ್ಲ. ಚನ್ನಪಟ್ಟಣದ ಹತ್ತಿರ 60 ಕಿ.ಮೀ. ಉಳಿದಿದೆ ಅಂತ ತೋರಿಸಿದರೆ ಅದನ್ನು 50 ಅಂತ ಓದಿಕೊಳ್ಳಿ.

ಭಾನುವಾರ ಸಂಜೆಯಾದರೆ ಹಳೇ ರಸ್ತೆಯ ಚಾರ್ಜರ್‌ಗಳಲ್ಲಿ ನಿಮ್ಮ ಮುಂದೆ ಒಂದೆರಡು ಕಾರು ಇರುತ್ತವೆ ಅಂತಲೇ ಅಂದುಕೊಂಡು ಹೊರಡಿ. ಹಾಗಾಗಿ ಮೈಸೂರು ಬಿಡುವಾಗಲೇ ಶೇ. 90 ದಾಟಿರಲಿ, ಎಂಬತ್ತರಲ್ಲೇ ಬನ್ನಿ. ಕೆಂಗೇರಿ ಮುಟ್ಟುವಾಗ ಶೇ. 20 ಉಳಿದಿದ್ದರೆ ವಿಜಯನಗರದವರು ನೇರ ಮನೆಗೆ ಹೋಗಬಹುದು. ವೈಟ್‌ಫೀಲ್ಡ್‌ನವರು ನೈಸ್ ರಸ್ತೆ ಹಿಡಿಯೋ ಮುಂಚೆ ಕೆಂಗೇರಿ ಸುತ್ತಮುತ್ತ ಇಪ್ಪತ್ತು ನಿಮಿಷ ಗನ್ ಹಾಕಿಕೊಳ್ಳಲಿ, ಅಷ್ಟರಲ್ಲಿ ಟ್ರಾಫಿಕ್ಕೂ ಸ್ವಲ್ಪ ಇಳಿದಿರುತ್ತದೆ.